ಮಿತಿ ಮನುಷ್ಯನಿಗೆ, ಕಂಪನಿಗಲ್ಲ

ಮೇ ತಿಂಗಳ ಕೊನೆಯಲ್ಲಿ ವಾಷಿಂಗ್ಟನ್ನಿನ ಕೆಳಮನೆ ಒಂದು ತೆರಿಗೆ ಮಸೂದೆಯನ್ನು ಪಾಸು ಮಾಡಿತು. ಆ ವಾರವೇ ಕೆನಡಾದ ವಾನ್‌ನ ಆಫೀಸಿನಲ್ಲಿ ರಾಘವನಿಗೆ ಒಬ್ಬ ಸಹಾಯಕನನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಎರಡು ವರ್ಷದಿಂದ ಕೇಳಿ ಕೇಳಿ, ಕಡೆಗೆ ಕೇಳುವುದನ್ನೇ ಬಿಟ್ಟಿದ್ದ. ಈಗ ಮ್ಯಾನೇಜರ್ ನೀನಾ ತಾನಾಗಿಯೇ ಅವನ ಟೇಬಲ್ಲಿನ ಹತ್ತಿರ ಬಂದು, ಆರು ತಿಂಗಳ ಕಾಂಟ್ರಾಕ್ಟಿಗೆ ಒಬ್ಬ ಟೆಸ್ಟರ್ ಬೇಕಲ್ಲ, ಗುರುತಿನವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ ಅವನಿಗೆ ಖುಷಿಯಾಗಲಿಲ್ಲ. ಕೇಳದೆ ಕೊಡುತ್ತಿದ್ದಾರೆಂದರೆ ಹಿಂದಿನಿಂದ ಎಷ್ಟು ದೊಡ್ಡ ಮೂಟೆ ಬರುತ್ತಿದೆಯೋ ಎಂದು ಭುಜ ಆಗಲೇ ನೋಯತೊಡಗಿತು.

ರಾಘವನ ಕೆಲಸವೇ ಅಂಥದ್ದು. ಇರುವುದು ಕೆನಡಾದಲ್ಲಿ, ಬೆನ್ನು ಸವೆಸುವುದು ಅಮೆರಿಕದ ತೆರಿಗೆಗೆ. ಅವನ ಕಂಪನಿ ಅಲ್ಲಿನ ಅಕೌಂಟೆಂಟುಗಳಿಗೆ ಸಾಫ್ಟ್‌ವೇರ್ ಮಾಡಿ ಮಾರುತ್ತಿತ್ತು. ಅದರಲ್ಲಿ ರಾಜ್ಯಗಳ ಭಾಗ ಇವನದು. ಅಮೆರಿಕದವರು ತಮ್ಮ ಊರಿಗೂ ರಾಜ್ಯಕ್ಕೂ ಕಟ್ಟಿದ ತೆರಿಗೆಯನ್ನು ಕೇಂದ್ರಕ್ಕೆ ಲೆಕ್ಕ ಒಪ್ಪಿಸುವಾಗ ಆದಾಯದಿಂದ ಕಳೆದು ತೋರಿಸಬಹುದಿತ್ತು. ಕೆಲವು ವರ್ಷಗಳ ಹಿಂದೆ ಕೇಂದ್ರ ಅದಕ್ಕೊಂದು ಮಿತಿ ಹಾಕಿತು. ನೀವು ಎಷ್ಟೇ ಕಟ್ಟಿರಿ, ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಕಳೆಯುವಂತಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಭಾರೀ ತೆರಿಗೆಯ ರಾಜ್ಯಗಳಲ್ಲಿ ಇದರಿಂದ ಗದ್ದಲವೆದ್ದಿತು. ಅಲ್ಲಿನ ಸರ್ಕಾರಗಳು ತಪ್ಪಿಸಿಕೊಳ್ಳುವ ದಾರಿ ಹುಡುಕಿದವು. ದಾನಕ್ಕೆ ಈ ಮಿತಿ ಇಲ್ಲವೆಂದು, ಮೊದಲು ತೆರಿಗೆಯನ್ನೇ ದಾನ ಎಂದು ಕರೆದು ನೋಡಿದವು. ಕೇಂದ್ರ ಒಪ್ಪಲಿಲ್ಲ. ಆಮೇಲೆ ಇನ್ನೊಂದು ದಾರಿ ಕಂಡಿತು. ಡಾಕ್ಟರು, ವಕೀಲರು ನಾಲ್ಕೈದು ಜನ ಸೇರಿ ನಡೆಸುವ ಪಾಲುದಾರಿಕೆಗಳಲ್ಲಿ, ಪಾಲುದಾರರ ಬದಲು ಆ ಸಂಸ್ಥೆಯೇ ರಾಜ್ಯದ ತೆರಿಗೆ ಕಟ್ಟಿಬಿಡಲಿ. ಮಿತಿ ಇರುವುದು ಮನುಷ್ಯನಿಗೆ, ಕಂಪನಿಗಲ್ಲ. ಈ ದಾರಿಯನ್ನು ಕೇಂದ್ರವೂ ಒಪ್ಪಿತು. ನೋಡನೋಡುತ್ತಿದ್ದಂತೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಈ ಕಾನೂನು ಮಾಡಿದವು, ಒಂದೊಂದೂ ಒಂದೊಂದು ಥರ. ಪ್ರತಿಯೊಂದನ್ನೂ ಕಂಪ್ಯೂಟರಿಗೆ ಕಲಿಸಿದವನು ರಾಘವ.

ಈಗ ಕೆಳಮನೆ ಪಾಸು ಮಾಡಿದ ಮಸೂದೆಯಲ್ಲಿ, ಡಾಕ್ಟರು ವಕೀಲರಂಥವರಿಗೆ ಈ ದಾರಿ ಮುಚ್ಚುವುದೆಂದು ಬರೆದಿತ್ತು. ಮಸೂದೆ ಕಾನೂನಾಗುವ ಮೊದಲೇ ಅಕೌಂಟೆಂಟುಗಳು, 'ಮುಚ್ಚಿದರೆ ನಮ್ಮ ಕಕ್ಷಿದಾರರಿಗೆ ಎಷ್ಟು ಹೊಡೆತ, ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ ಕೊಡಿ' ಎಂದು ಬೆನ್ನು ಹತ್ತಿದ್ದರು. ತೆರೆದದ್ದನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಹೋಗುವ ಕೆಲಸ. ಒಬ್ಬನ ಕೈಲಿ ಆಗುವಂಥದ್ದಲ್ಲ.

ಅವನಿಗೆ ತಕ್ಷಣ ನೆನಪಾದದ್ದು ಬಸವಂತಪ್ಪ. ಗದಗ ಕಡೆಯವರು, ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಮಗಳು ಐಶ್ವರ್ಯಾ ಅಪ್ಪ ಅಮ್ಮನನ್ನು ತಾನಿರುವ ರೆಕ್ಸ್‌ಡೇಲಿಗೆ ಕರೆಸಿಕೊಂಡಿದ್ದಳು. ಮಗಳ ಮುಂದೆ ಕೈಚಾಚುವುದು ಒಗ್ಗದೆ ಬಸವಂತಪ್ಪ ಮನೆ ಹತ್ತಿರದ ಪೈಪ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ ಹಿಡಿದಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ರಾಘವನ ಪಕ್ಕ ಕೂತು, ಊದಿದ ಪಾದ ತೋರಿಸಿ, "ಮೂವತ್ತು ವರ್ಷ ಮಂದೀನ್ನ ನಿಲ್ಲಿಸಿ ಲೆಕ್ಕಾ ಕೇಳೇನಿ. ಈಗ ನಾನ ನಿಂತೇನಿ ನೋಡ್ರಿ" ಎಂದು ನಕ್ಕಿದ್ದರು.

ಅವತ್ತು ಸಂಜೆ ರಾಘವ ಅವರಿಗೆ ಫೋನ್ ಮಾಡಿದ.

"ಡೆಸ್ಕ್ ಜಾಬ್ ಸರ್. ನಾವು ಮಾಡಿದ ಲೆಕ್ಕ ಸರಿ ಇದೆಯಾ ಅಂತ ಚೆಕ್ ಮಾಡೋದು. ನಿಮಗೆ ಟ್ಯಾಕ್ಸ್ ಗೊತ್ತು, ಕಂಪ್ಯೂಟರ್ ನಾನು ಹೇಳಿಕೊಡ್ತೀನಿ."

"ಫ್ಯಾಕ್ಟರಿ ಬಿಟ್ರ ಮತ್ತ ತಗೊಳ್ಳೂದಿಲ್ರಿ ಅವ್ರು. ನನ್ನ ಜಾಗಾಕ್ಕ ಹತ್ತು ಹುಡುಗ್ರು ಕಾಯ್ಲಿಕ್ಕತ್ಯಾರ."

"ಆರು ತಿಂಗಳಂತೂ ಗ್ಯಾರಂಟಿ ಸರ್. ಆಮೇಲೆ ಎಕ್ಸ್‌ಟೆಂಡ್ ಕೂಡ ಮಾಡ್ತಾರೆ."

ಫೋನ್ ಇಟ್ಟಾಗ, ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಹೆಂಡತಿ ಶ್ರೀಜಾ ತಿರುಗಿ ನೋಡಿದಳು. "ಗ್ಯಾರಂಟಿ ಅಂತ ಯಾಕಂದೆ? ನೀನೇನು ಕಂಪನಿ ಓನರಾ?"

"ಮಾತಿಗೆ ಹಾಗಂದೆ ಕಣೇ."

"ಅವರು ಅದನ್ನ ಮಾತಿಗೆ ಅಂತ ತಗೊಳಲ್ಲ" ಎಂದು ಅವಳು ಲಟ್ಟಣಿಗೆಗೆ ಮರಳಿದಳು.

ಬಸವಂತಪ್ಪ ಒಂದು ವಾರದ ಯೋಚನೆಯ ನಂತರ ಫ್ಯಾಕ್ಟರಿಗೆ ರಾಜೀನಾಮೆ ಕೊಟ್ಟು ಬಂದರು. ಮಿಸಿಸಾಗಾದಿಂದ ವಾನ್‌ಗೆ ಹೋಗುವ ರಾಘವನಿಗೆ ರೆಕ್ಸ್‌ಡೇಲ್ ದಾರಿಯಲ್ಲೇ ಸಿಗುತ್ತಿತ್ತು. ದಿನಾ ಬೆಳಿಗ್ಗೆ ಬಸ್‌ಸ್ಟಾಪಿನ ಹತ್ತಿರ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಕಾರು ಹತ್ತಿದೊಡನೆ ಮಾತು ಶುರುವಾಗುತ್ತಿತ್ತು. ವರ್ಷಗಟ್ಟಲೆ ಆ ಹೈವೇಯಲ್ಲಿ ಒಬ್ಬನೇ ಓಡಾಡಿದ್ದ ರಾಘವನಿಗೆ ಮೊದಮೊದಲು ಆ ಮಾತಿನ ಧಾರೆ ತಲೆನೋವು ತರಿಸಿತು. ಎರಡನೆಯ ವಾರದ ಹೊತ್ತಿಗೆ, ಅವರು ಹತ್ತಿದ ಮೇಲೇ ತನಗೆ ಬೆಳಗಾಗುವುದು ಎಂದು ಅನ್ನಿಸತೊಡಗಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅವನು ಈ ರಾಜ್ಯಗಳ ಉಪಾಯವನ್ನು ವಿವರಿಸಿದಾಗ ಬಸವಂತಪ್ಪ ತೊಡೆ ತಟ್ಟಿದರು.

"ಇದೇನ್ ಹೊಸಾದಲ್ಲ ಬಿಡ್ರಿ! ಲ್ಯಾಂಡ್ ಸೀಲಿಂಗ್ ಬಂದಾಗ ನಮ್ಮೂರ ದೇಸಾಯರು ಏನ್ ಮಾಡಿದ್ರು? ಒಬ್ಬ ಮನುಷ್ಯಾಗ ಇಷ್ಟ ಹೊಲ ಅಂತ ಸರ್ಕಾರ ಅಂತು. ಅಳಿಯಾನ ಹೆಸರಿಗೆ ಹಚ್ಚಿದ್ರು, ಸೊಸೀ ಹೆಸರಿಗೆ ಹಚ್ಚಿದ್ರು, ಆಳುಮಗನ ಹೆಸರಿಗೆ ಹಚ್ಚಿದ್ರು. ಕಡೀಕ ಸತ್ತ ಕಾಕಾನ ಹೆಸರಿಗೂ ನಾಕೆಕರೆ. ಹೊಲಾ ಅದ, ಬೆಳೀನೂ ಅದ, ಉಣ್ಣಾವ್ರೂ ಅವರ. ಹೆಸರಷ್ಟ ಬ್ಯಾರೆ."

"ಆದ್ರೆ ಇದು ಲೀಗಲ್ ಸರ್. ರಾಜ್ಯ ಸರ್ಕಾರಾನೇ ಕಾನೂನು ಮಾಡಿದೆ."

"ಅಂದ್ರ ಇಲ್ಲಿ ಸರ್ಕಾರನ ದೇಸಾಯರು ಅನ್ರಿ!"

ರಾಘವ ಜೋರಾಗಿ ನಕ್ಕ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಬಸವಂತಪ್ಪ ಕೆಲಸದಲ್ಲಿ ಚುರುಕಲ್ಲ, ಅದನ್ನು ಹೇಳಲೇಬೇಕು. ಎಲ್ಲವನ್ನೂ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗುರುತು ಹಾಕುವರು. ಸೇವ್ ಮಾಡುವುದನ್ನು ಮರೆಯುವರು. ಒಮ್ಮೆ ಕನೆಕ್ಟಿಕಟ್ ರಾಜ್ಯದ ಪರೀಕ್ಷೆಗಳನ್ನೆಲ್ಲ ಹಳೆಯ ವರ್ಷದ ದರದಲ್ಲಿ ಮಾಡಿದ್ದರಿಂದ, ರಾಘವ ವಾರಾಂತ್ಯ ಪೂರ್ತಿ ಕೂತು ಅದನ್ನು ತಿದ್ದಬೇಕಾಯಿತು. ಹೇಳಿದರೆ, "ನಾ ಇನ್ಸ್‌ಪೆಕ್ಟರ್ ಇದ್ದಾಗ ವರ್ಷ ಮ್ಯಾಲೇ ಬರದಿರ್ತಿತ್ರಿ" ಎಂದು ಕಂಪ್ಯೂಟರಿನ ಮೇಲೇ ತಪ್ಪು ಹೊರಿಸಿದರು. ಆದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರು ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿದು, ಅರ್ಧವನ್ನು ಕೇಳದೆ ಇವನ ತಟ್ಟೆಗೆ ಹಾಕಿದಾಗ ಸಿಟ್ಟು ನಿಲ್ಲುತ್ತಿರಲಿಲ್ಲ.

ಜೂನ್ ಮಧ್ಯದಲ್ಲಿ ಮೇಲ್ಮನೆಯಾದ ಸೆನೆಟ್ ತನ್ನದೇ ಕರಡು ಹೊರಡಿಸಿತು. ದಾರಿಯನ್ನು ಪೂರ್ತಿ ಮುಚ್ಚುವುದಲ್ಲ, ಅರ್ಧ ಮುಚ್ಚುವುದು. ಅದೂ ಡಾಕ್ಟರು ವಕೀಲರಿಗಷ್ಟೇ ಅಲ್ಲ, ಎಲ್ಲರಿಗೂ. ಮೂರು ವಾರ ಮಾಡಿದ್ದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ರಾಘವ ಪರದೆಯ ಮುಂದೆ ಸುಮ್ಮನೆ ಕೂತುಬಿಟ್ಟ. ಕಣ್ಣು ಉರಿಯುತ್ತಿತ್ತು. ತಾನು ಕಟ್ಟಿದ್ದರಲ್ಲಿ ಒಂದಾದರೂ ಎರಡು ವರ್ಷ ಹಾಗೇ ನಿಂತದ್ದಿದೆಯೇ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಬೇಡವೆಂದು ಬಿಟ್ಟ.

"ಏಳ್ರಿ, ಚಾ ಕುಡಿಯೂಣು" ಎಂದರು ಬಸವಂತಪ್ಪ. "ಅವ್ರು ಬರೀತಾರ, ಹೊಡದ್ ಹಾಕ್ತಾರ. ನಮಗೇನ್, ಪಗಾರ ಬರ್ತದ."

ಜುಲೈ ಒಂದು, ಕೆನಡಾ ಡೇ. ಶ್ರೀಜಾ ಪೋರ್ಟ್ ಕ್ರೆಡಿಟ್ಟಿಗೆ ಹೋಗೋಣವೆಂದಳು. ಬಸವಂತಪ್ಪ ದಂಪತಿಗಳನ್ನೂ ಕರೆದಿದ್ದಳು. ಸರೋವರದ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೆಂಪು ಅಂಗಿಗಳ ಜನ. ಹೇಗೋ ಒಂದು ಮರದ ನೆರಳು ಹಿಡಿದು ಜಮಖಾನ ಹಾಸಿ, ಪುಳಿಯೋಗರೆ, ರೊಟ್ಟಿ, ಶೇಂಗಾ ಚಟ್ನಿ ಹರಡಿಕೊಂಡು ಕೂತರು. ಬಸವಂತಪ್ಪ ಹೊಸ ಬೂಟು ಹಾಕಿದ್ದರು, ಮೊದಲ ಸಂಬಳದ್ದು. ಹೆಂಡತಿಗೂ ಒಂದು ಕೈಚೀಲ ಕೊಡಿಸಿದ್ದರು. ಅದನ್ನು ಆಕೆ ಹುಲ್ಲಿನ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಊಟ ಮುಗಿಯುವ ಹೊತ್ತಿಗೆ ರಾಘವನಿಗೆ ಫೋನ್ ಬಂತು. ಶ್ರೀಜಾಳ ಅಣ್ಣ ರಾಜೀವ್, ನ್ಯೂಜೆರ್ಸಿಯಲ್ಲಿ ಡಾಕ್ಟರು, ನಾಲ್ವರು ಪಾಲುದಾರರ ಕ್ಲಿನಿಕ್. ಆ ಉಪಾಯದ ಲಾಭ ಪಡೆಯುತ್ತಿದ್ದವರಲ್ಲಿ ಒಬ್ಬ. ಮೇ ತಿಂಗಳಿಂದ ವಾರಕ್ಕೆರಡು ಸಲ ಫೋನ್ ಮಾಡಿ, ಮುಚ್ಚುತ್ತಾರಾ ಬಿಡುತ್ತಾರಾ ಎಂದು ರಾಘವನನ್ನೇ ಕೇಳುತ್ತಿದ್ದ, ಸೆನೆಟ್ಟಿನಲ್ಲಿ ರಾಘವನ ವೋಟಿದೆಯೇನೋ ಎಂಬಂತೆ.

"ರಾಘವ್! ನ್ಯೂಸ್ ನೋಡಿದ್ಯಾ? ಸೆನೆಟ್ ಪಾಸ್ ಮಾಡ್ತು. ಆ ಮುಚ್ಚೋ ಕ್ಲಾಜ್ ತೆಗೆದುಬಿಟ್ಟಿದಾರೆ ಕಣೋ. ನಮ್ಮ ಪಾರ್ಟ್‌ನರ್‌ಶಿಪ್‌ದು ಹೇಗಿತ್ತೋ ಹಾಗೇ ಇರುತ್ತೆ. ಮೇಲಿಂದ ಹತ್ತು ಸಾವಿರದ ಕ್ಯಾಪನ್ನ ನಲವತ್ತು ಮಾಡಿದಾರೆ!"

"ಖಚಿತಾನಾ ಭಾವ? ಕೆಳಮನೆ ಇನ್ನೂ ಒಪ್ಬೇಕಲ್ಲ."

"ಒಪ್ತಾರೆ ಬಿಡೋ. ಟೆನ್ಶನ್ನೇ ಹೋಯ್ತು. ಇವತ್ತು ನೀನೂ ಆರಾಮಾಗಿರು!"

ಅವನು ಸ್ಪೀಕರಿಗೆ ಹಾಕಿರಲಿಲ್ಲ. ಆದರೂ ರಾಜೀವನ ದನಿ ಅಷ್ಟು ದೊಡ್ಡದು, ಜಮಖಾನದ ಮೇಲಿದ್ದವರಿಗೆಲ್ಲ ಕೇಳಿಸಿತು. ಶ್ರೀಜಾ ಅಣ್ಣನ ಖುಷಿಗೆ ನಗಲು ಹೋಗಿ, ಗಂಡನ ಮುಖ ನೋಡಿ ನಿಲ್ಲಿಸಿದಳು. ಬಸವಂತಪ್ಪ ರೊಟ್ಟಿಯ ಚೂರನ್ನು ಚಟ್ನಿಯಲ್ಲಿ ಅದ್ದುತ್ತಿದ್ದವರು ಕೈ ಹಾಗೇ ಹಿಡಿದರು.

"ಅಂದ್ರ, ಮುಚ್ಚೂದಿಲ್ಲಂತೇನ್ರಿ?"

"ಹಾಗಂತಿದಾರೆ ಸರ್."

"ಮತ್ತ ನಮ್ಮ ಕೆಲಸ?"

ರಾಘವ ಸರೋವರದ ಕಡೆ ನೋಡಿದ. ದೋಣಿಗಳು ಬಾವುಟ ಕಟ್ಟಿಕೊಂಡು ಹೋಗುತ್ತಿದ್ದವು. "ನಾಳೆ ಆಫೀಸಲ್ಲಿ ಕೇಳ್ತೀನಿ. ಈಗ ಊಟ ಮಾಡಿ ಸರ್."

ಬಸವಂತಪ್ಪ ಆ ಚೂರನ್ನು ಬಾಯಿಗಿಟ್ಟುಕೊಂಡರು. ಅವರ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. "ಯಾಕ, ಏನಾತು?" ಎಂದರು. "ಏನಿಲ್ಲ, ಅವರ ಅಣ್ಣಾರಿಗೆ ಛಲೋ ಸುದ್ದಿ ಬಂದದ" ಎಂದರು ಬಸವಂತಪ್ಪ. ಅದು ಸುಳ್ಳೂ ಅಲ್ಲ.

ಮರುದಿನ ರಾಘವ ಕೇಳುವ ಮೊದಲೇ ನೀನಾ ಅವನನ್ನು ಒಳಗೆ ಕರೆದಳು. ಬ್ರಾಂಪ್ಟನ್‌ನಲ್ಲಿ ಹುಟ್ಟಿ ಬೆಳೆದ ಪಂಜಾಬಿ ಹೆಂಗಸು, ಕೆಟ್ಟವಳಲ್ಲ. ಮುಚ್ಚುವ ಕೆಲಸಕ್ಕೆಂದು ಬಂದ ಹಣವನ್ನು ಹೆಡ್ ಆಫೀಸು ವಾಪಸು ತೆಗೆದುಕೊಂಡಿದೆ, ಶುಕ್ರವಾರ ಕಡೆಯ ದಿನ, ಎಂದಳು. ನಲವತ್ತು ಸಾವಿರದ ಹೊಸ ಮಿತಿ ಬಂದರೆ, ಯಾರಿಗೆ ಈ ಉಪಾಯ ಇನ್ನೂ ಲಾಭ, ಯಾರಿಗಿಲ್ಲ ಎಂದು ಒಂದೊಂದು ರಾಜ್ಯಕ್ಕೂ ಹೊಸದಾಗಿ ಲೆಕ್ಕ ಬರೆಯಬೇಕಲ್ಲ, ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದ ರಾಘವ. ಕೆಲಸ ಇದೆ, ಜನರ ಸಂಖ್ಯೆಗೆ ಮಿತಿ ಹಾಕಿದ್ದಾರೆ ಎಂದಳು ಅವಳು. ಅವಳ ಕಣ್ಣ ಕೆಳಗೂ ಕಪ್ಪಿತ್ತು.

ಶುಕ್ರವಾರದವರೆಗೆ ಕಾಯುವುದು ಮೋಸವೆನಿಸಿ, ಅವತ್ತೇ ಸಂಜೆ ರೆಕ್ಸ್‌ಡೇಲಿನಲ್ಲಿ ಕಾರು ನಿಲ್ಲಿಸಿ ಅವನು ಹೇಳಿದ. ಗ್ಯಾರಂಟಿ ಎಂದದ್ದು ತನ್ನ ತಪ್ಪು, ಹಾಗೆ ಹೇಳಬಾರದಿತ್ತು ಎಂದೂ ಹೇಳಿದ.

ಬಸವಂತಪ್ಪ ಸೀಟ್ ಬೆಲ್ಟ್ ಬಿಚ್ಚಿದವರು ಇಳಿಯಲಿಲ್ಲ. "ನಿಮ್ಮ ಮನಿಯವರ ಅಣ್ಣಾರಿಗೆ ಎಷ್ಟು ಉಳೀತ್ರಿ ಇದರಾಗ?"

"ಗೊತ್ತಿಲ್ಲ ಸರ್. ತುಂಬಾನೇ ಇರ್ಬೇಕು."

"ಉಳೀಲಿ ಬಿಡ್ರಿ. ಅವರದೇನ್ ತಪ್ಪದ." ಡಬ್ಬಿಯನ್ನು ಎತ್ತಿಕೊಂಡರು. "ನಾ ಫ್ಯಾಕ್ಟರಿ ಬಿಡೂ ಮುಂದ ಐಶ್ವರ್ಯಾ ಬ್ಯಾಡಂದಿದ್ಲು. ಈಗ ಆಕಿಗೆ ಹೇಳೂದದ ನೋಡ್ರಿ, ಅದ ತ್ರಾಸು." ಇಳಿದು, ಹಿಂತಿರುಗಿ ನೋಡದೆ ಹೋದರು. ಬೇಸಿಗೆಯ ಆ ಉದ್ದನೆಯ ಬೆಳಕಿನಲ್ಲಿ ಅವರು ಮನೆಯ ಬಾಗಿಲು ಮುಟ್ಟುವವರೆಗೂ ಕಾಣುತ್ತಿದ್ದರು. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ನಿಂತೇ ಇದ್ದರು.

ರಾಘವ ಸುಮ್ಮನಾಗಲಿಲ್ಲ. ಮುಂದಿನ ವಾರವೂ ನೀನಾಳ ಹತ್ತಿರ ಹೋದ, ಅದರ ಮುಂದಿನ ವಾರವೂ. ಮೂರನೆಯ ಸಲ ಅವಳು ಬಾಗಿಲು ಹಾಕಿ, ಒಂದು ದಾರಿ ಇದೆ ಎಂದಳು. ಮಿತಿ ಇರುವುದು ಕಾಂಟ್ರಾಕ್ಟಿನ ಮೇಲೆ ತೆಗೆದುಕೊಳ್ಳುವ ಮನುಷ್ಯರಿಗೆ. ಹೊರಗಿನ ಕಂಪನಿಯೊಂದರಿಂದ ಸೇವೆ ಪಡೆದು ಬಿಲ್ಲು ಕೊಟ್ಟರೆ ಅದು ಬೇರೆ ಖಾತೆ, ಅದಕ್ಕೆ ಮಿತಿಯಿಲ್ಲ. ನಿಮ್ಮವರು ಒಂದು ಕಂಪನಿ ಮಾಡಿಕೊಂಡು ಬರಲಿ. ಇದರಲ್ಲಿ ಕಳ್ಳತನವೇನೂ ಇಲ್ಲ, ಬೇರೆ ವಿಭಾಗಗಳಲ್ಲಿ ಎಲ್ಲರೂ ಮಾಡುತ್ತಿದ್ದಾರೆ.

ರಾಘವ ಅವಳ ಮುಖವನ್ನೇ ನೋಡಿದ. ಅವಳಿಗೂ ಹೊಳೆಯಿತು. ಇಬ್ಬರೂ ನಕ್ಕರು, ಆದರೆ ಬಹಳ ಹೊತ್ತಲ್ಲ.

ಬಸವಂತಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಯಾರ ಹೆಸರಿಲೆ ಮಾಡೂದು?" ಐಶ್ವರ್ಯಾ ಅಪ್ಪನ ಮೇಲೆ ಮುನಿಸಿಕೊಂಡೇ ಕೂತು ಅಮ್ಮನ ಹೆಸರಿನಲ್ಲಿ ಕಂಪನಿ ನೋಂದಾಯಿಸಿದಳು. ಅಲ್ಲಿಂದ ಮುಂದೆ ರಾಘವನ ಸಂಜೆಗಳು ಅದಕ್ಕೇ ಹೋದವು. ಹೆಡ್ ಆಫೀಸಿನವರು ಮೊದಲು ಕಂಪನಿಗೆ ವಿಮೆ ಬೇಕೆಂದರು. ಮಾಡಿಸಿದರೆ ಬ್ಯಾಂಕಿನ ಪತ್ರ ಬೇಕೆಂದರು. ಅದು ಹೋದರೆ, ಕಾನೂನು ವಿಭಾಗದವರು ರಜೆಯಲ್ಲಿದ್ದಾರೆಂದರು. ಜುಲೈ ಕಳೆಯಿತು, ಆಗಸ್ಟೂ ಕಳೆಯಿತು. ಬಸವಂತಪ್ಪನವರಿಗೆ ಫೋನ್ ಮಾಡಿ "ಇನ್ನೊಂದು ವಾರ ಸರ್" ಎಂದು ಎಷ್ಟು ಸಲ ಹೇಳಿದನೋ. ಕಡೆಕಡೆಗೆ ಆ ಮಾತು ಹೇಳುವಾಗ ತನ್ನ ದನಿ ತನಗೇ ಅಸಹ್ಯವಾಗಿ, ಫೋನ್ ಮಾಡುವುದನ್ನೇ ನಿಲ್ಲಿಸಿದ.

ಒಪ್ಪಿಗೆ ಬಂದದ್ದು ಸೆಪ್ಟೆಂಬರಿನ ಒಂದು ಬುಧವಾರ. ರಾಘವ ಕೂಡಲೇ ಫೋನ್ ಮಾಡಿದ. ಎತ್ತಿದ್ದು ಅವರ ಹೆಂಡತಿ. ಅವರು ಮೂರು ವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾರೆ, ನಿಮ್ಮ ವಾನ್‌ನಲ್ಲೇ, ನಲ್ಲಿ ಸಿಂಕುಗಳ ಗೋಡೌನಿನಲ್ಲಿ, ಹಗಲು ಪಾಳಿ ಎಂದರು. ಆಫೀಸಿನಿಂದ ಹತ್ತು ನಿಮಿಷದ ದಾರಿ. ಊಟದ ಹೊತ್ತಿಗೆ ರಾಘವ ಅಲ್ಲಿಗೇ ಹೋದ.

ಗೋಡೌನಿನ ಗೇಟಿನ ಪಕ್ಕ ಗಾಜಿನ ಸಣ್ಣ ಕೋಣೆ. ಬಸವಂತಪ್ಪ ಹಳದಿ ಜಾಕೆಟ್ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದರು. ಇವನನ್ನು ಕಂಡು ಎದ್ದು ಬಂದು ಕೈ ಹಿಡಿದರು. ಇಬ್ಬರೂ ರಾಘವನ ಕಾರಿನಲ್ಲೇ ಕೂತು ಡಬ್ಬಿ ಬಿಚ್ಚಿದರು. ಬದನೆಕಾಯಿ ಎಣ್ಣೆಗಾಯಿ. ರೊಟ್ಟಿ ಮುರಿದು ಕೊಟ್ಟರು, ಮೊದಲಿನಂತೆ.

"ಒಪ್ಪಿಗೆ ಬಂತು ಸರ್. ಸೋಮವಾರದಿಂದ ಬರಬಹುದು. ದುಡ್ಡೂ ಮೊದಲಿಗಿಂತ ಸ್ವಲ್ಪ ಜಾಸ್ತಿ."

ಬಸವಂತಪ್ಪ ಬಾಯಲ್ಲಿದ್ದ ತುತ್ತನ್ನು ಅಗಿದು ಮುಗಿಸಿದರು.

"ನೀವು ನನ್ನ ಸಲುವಾಗಿ ಭಾಳ ಓಡಾಡೀರಿ. ಗೊತ್ತದ. ಆದ್ರ ನಾ ಬರೂದಿಲ್ರಿ."

"ಯಾಕೆ ಸರ್? ಇಲ್ಲಿಗಿಂತ ಚೆನ್ನಾಗಿರತ್ತೆ."

"ಛಲೋ ಇರ್ತದ, ಇಲ್ಲನ್ನೂದಿಲ್ಲ. ನೋಡ್ರಿ, ಇಲ್ಲಿ ಒಂದು ಲಾರಿ ಬರ್ತದ. ನಂಬರ್ ಬರಕೋತೀನಿ, ಗೇಟ್ ತಗೀತೀನಿ, ಹೋಗ್ತದ. ಮರುದಿನ ಯಾರೂ ಬಂದು, ಆ ಲಾರಿ ಬಂದ ಇಲ್ಲ, ನೀ ಬರದಿದ್ದು ಹೊಡದ್ ಹಾಕು ಅನ್ನೂದಿಲ್ಲ." ಕೈ ಒರೆಸಿಕೊಂಡರು. "ಐಶ್ವರ್ಯಾನೂ ಈಗ ಮಾತಾಡ್ಲಿಕ್ಕತ್ಯಾಳ. ರಾತ್ರಿ ನಿದ್ದಿ ಬರ್ತದ. ಮತ್ತ ಅಲ್ಲಿ ಬಂದು, ಮತ್ತ ಯಾವಾಗ ಹೋಗಂತಾರೋ ಅಂತ ಕುಂದ್ರಾಕ ನನಗ ದಮ್ಮಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ."

"ಇಲ್ಲ ಸರ್. ತಪ್ಪೇನಿದೆ ಇದರಲ್ಲಿ."

ಗೇಟಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. "ಬಂದೆ ಬಂದೆ" ಎಂದು ಕನ್ನಡದಲ್ಲೇ ಕೂಗಿ ಬಸವಂತಪ್ಪ ಇಳಿದು ಓಡಿದರು. ಡಬ್ಬಿಯಲ್ಲಿ ಇನ್ನೊಂದು ರೊಟ್ಟಿ ಉಳಿದಿತ್ತು. ರಾಘವ ಅದನ್ನೂ ತಿಂದು, ಡಬ್ಬಿಯನ್ನು ಗಾಜಿನ ಕೋಣೆಯ ಕಿಟಕಿಯಲ್ಲಿಟ್ಟು ಆಫೀಸಿಗೆ ಹೋದ.

ನೀನಾಳಿಗೆ ಹೇಳಿದ. ಹಾಗಾದರೆ ಅವರ ಜಾಗಕ್ಕೆ ಬೇರೆ ಯಾರನ್ನಾದರೂ ಹಾಕೋಣವೇ ಎಂದಳು ಅವಳು. ಬೇಡ, ನಾನೇ ಮಾಡುತ್ತೇನೆ ಎಂದ. ಇನ್ನೊಬ್ಬರನ್ನು ಕರೆದು ಇನ್ನೊಮ್ಮೆ ಕಳಿಸುವ ಶಕ್ತಿ ಅವನಲ್ಲಿರಲಿಲ್ಲ. ಕೂತು ನ್ಯೂಜೆರ್ಸಿಯ ಲೆಕ್ಕವನ್ನು ತೆರೆದ. ಬೇಸಿಗೆಯಲ್ಲಿ ತಾವಿಬ್ಬರೂ ಹಾಕಿದ್ದ ಬೀಗಗಳನ್ನೆಲ್ಲ ತೆಗೆದು, ಹೊಸ ಮಿತಿಯನ್ನು ಸೇರಿಸತೊಡಗಿದ. ಸಂಜೆಯ ಹೊತ್ತಿಗೆ ಕಾಲು ಭಾಗವೂ ಮುಗಿದಿರಲಿಲ್ಲ.

ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಶ್ರೀಜಾ ಕೇಳಿದಳು. "ಏನಂದ್ರು?"

"ಬರಲ್ವಂತೆ. ಅಲ್ಲೇ ಆರಾಮಾಗಿದೀನಿ ಅಂದ್ರು."

"ನಿಂಗೆ ಬೇಜಾರಾಯ್ತಾ?"

ರಾಘವ ಇನ್ನೊಂದು ಬೂಟಿನ ಲೇಸು ಹಿಡಿದುಕೊಂಡೇ ಯೋಚಿಸಿದ. ಆ ಗಾಜಿನ ಕೋಣೆ, ಬಂದು ಹೋಗುವ ಲಾರಿಗಳು, "ಬಂದೆ ಬಂದೆ" ಎಂದು ಓಡಿದ ಆ ಮನುಷ್ಯ.

"ಬೇಜಾರಲ್ಲ ಕಣೇ" ಎಂದ. "ಹೊಟ್ಟೆಕಿಚ್ಚು."

ಶ್ರೀಜಾ ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು.